ಈ ಕೆಳಗಿನವುಗಳನ್ನು ಸರಿದೂಗಿಸಿ

ಹೈಸ್ಕೂಲು ಬಿಟ್ಟು ದಶಕಗಳು ಕಳೆದ ಮೇಲೆ ಅಲ್ಲಿ ಕಲಿತ ರಸಾಯನಶಾಸ್ತ್ರದಲ್ಲಿ ಏನು ನೆನಪಿದೆ ಎಂದು ನಮ್ಮ ತಲೆಮಾರಿನ ಯಾರನ್ನೇ ಕೇಳಿ, ಉತ್ತರ ಹೆಚ್ಚುಕಡಿಮೆ ಒಂದೇ ಬರುತ್ತದೆ. ಇಕ್ಕಳದ ತುದಿಯಲ್ಲಿ ಕಣ್ಣು ಕೋರೈಸುವಂತೆ ಉರಿದ ಮೆಗ್ನೀಷಿಯಂ ಪಟ್ಟಿ, ಉರಿಯುವ ಕಡ್ಡಿ ಹತ್ತಿರ ತಂದೊಡನೆ ‘ಪಾಪ್’ ಎಂದ ಪ್ರನಾಳದ ಜಲಜನಕ, ಕೊಳೆತ ಮೊಟ್ಟೆಯಂತೆ ನಾರುತ್ತಿದ್ದ ಯಾವುದೋ ಅನಿಲ, ನೀಲಿಯಿಂದ ಕೆಂಪಿಗೆ ತಿರುಗಿದ ಲಿಟ್ಮಸ್ ಕಾಗದದ ಚೂರು. ಜಲಜನಕ, ಹೀಲಿಯಂ, ಲಿಥಿಯಂ ಎಂದು ಶುರುವಾಗಿ ಇಪ್ಪತ್ತನೆಯ ಕ್ಯಾಲ್ಸಿಯಂ ಮುಟ್ಟುವ ಹೊತ್ತಿಗೆ ಉಸಿರು ಕಟ್ಟುತ್ತಿದ್ದ ಬಾಯಿಪಾಠ. ಬೆಳಕು, ಸದ್ದು, ವಾಸನೆಗಳನ್ನು ನೆನಪು ಜೋಪಾನವಾಗಿ ಇಟ್ಟುಕೊಂಡಿದೆ. ಅವುಗಳ ಹಿಂದಿದ್ದ ಸೂತ್ರಗಳನ್ನು ಯಾವತ್ತೋ ಕೈಬಿಟ್ಟಿದೆ. ಮೂರು ವರ್ಷ ಪಾಠ ಕೇಳಿ, ಪರೀಕ್ಷೆ ಬರೆದು, ಕಡೆಗೆ ಉಳಿದದ್ದು ಜಾತ್ರೆಯ ಪಟಾಕಿಯಷ್ಟು ನೆನಪೇ ಎಂದು ಯಾರಾದರೂ ನಕ್ಕರೆ ತಪ್ಪು ತಿಳಿಯುವಂತಿಲ್ಲ. ಆದರೂ ಈ ಪಟ್ಟಿಯನ್ನು ನಾನು ಪೂರ್ತಿ ನಂಬುವುದಿಲ್ಲ. ನೆನಪಿಗೆ ತಟ್ಟನೆ ಬರುವುದು ಬೇರೆ, ಒಳಗೆ ಇಳಿದು ಕೂತಿರುವುದು ಬೇರೆ. ಸೈಕಲ್ ಕಲಿತ ದಿನ ಮರೆತುಹೋದರೂ ಕಾಲು ಪೆಡಲ್ ಮರೆಯುವುದಿಲ್ಲವಲ್ಲ, ಹಾಗೆ. ಹೈಸ್ಕೂಲಿನ ರಸಾಯನಶಾಸ್ತ್ರ ನಮ್ಮಲ್ಲಿ ಹಾಗೆ ಇಳಿಸಿಟ್ಟದ್ದು ಮಾಹಿತಿಯನ್ನಲ್ಲ, ಲೆಕ್ಕ ಕೇಳುವ ಒಂದು ಅಭ್ಯಾಸವನ್ನು: ಇದು ಎಲ್ಲಿಂದ ಬಂತು, ಇಲ್ಲಿಂದ ಎಲ್ಲಿಗೆ ಹೋಯಿತು? ಆ ವಿಷಯದಿಂದ ಕಲಿಯಬೇಕಾದ ಮುಖ್ಯ ಸಂಗತಿ ಇದೇ ಎಂಬುದು ನನ್ನ ವಾದ. ಉಳಿದದ್ದೆಲ್ಲ ಅದರ ಉದಾಹರಣೆಗಳು.

ಆ ಅಭ್ಯಾಸಕ್ಕೆ ಪಠ್ಯಪುಸ್ತಕ ಕೊಟ್ಟ ಹೆಸರು ‘ಸರಿದೂಗಿಸುವುದು’. ಈ ಕೆಳಗಿನ ಸಮೀಕರಣಗಳನ್ನು ಸರಿದೂಗಿಸಿ ಎಂಬ ಪ್ರಶ್ನೆ ಇಲ್ಲದ ಪ್ರಶ್ನೆಪತ್ರಿಕೆ ಅಪರೂಪ. ಈ ಪದ ಎಷ್ಟು ಒಳ್ಳೆಯದು ಎಂದು ಆಗ ಯಾರಿಗೂ ಹೊಳೆದಿರಲಾರದು. ಸರಿಯಾಗಿ ತೂಗುವುದೇ ಸರಿದೂಗುವುದು. ಸಂಧಿಯಲ್ಲಿ ‘ತ’ಕಾರ ‘ದ’ಕಾರವಾಗಿದೆ, ಅಷ್ಟೇ. ಪದದೊಳಗೇ ಒಂದು ತಕ್ಕಡಿ ನೇತಾಡುತ್ತಿದೆ. ಆಧುನಿಕ ರಸಾಯನಶಾಸ್ತ್ರ ಹುಟ್ಟಿದ್ದೂ ತಕ್ಕಡಿಯಲ್ಲಿಯೇ. ಫ್ರಾನ್ಸಿನ ಲವಾಸಿಯೆ ತನ್ನ ಕಾಲದ ಉಳಿದವರಿಗಿಂತ ಹೆಚ್ಚು ಬಗೆಯ ವಸ್ತುಗಳನ್ನು ಸುಟ್ಟವನಲ್ಲ, ಹೆಚ್ಚು ಬಣ್ಣಗಳನ್ನು ಕಂಡವನೂ ಅಲ್ಲ. ಸುಡುವ ಮೊದಲು ತೂಗಿದ, ಸುಟ್ಟ ಮೇಲೆ ತೂಗಿದ, ಮೇಲೆದ್ದ ಅನಿಲವನ್ನು ಹೋಗಲು ಬಿಡದೆ ಹಿಡಿದು ಅದನ್ನೂ ತೂಗಿದ. ಹೊಟ್ಟೆಪಾಡಿಗೆ ಅವನು ಸರ್ಕಾರದ ಪರವಾಗಿ ತೆರಿಗೆ ವಸೂಲಿ ಮಾಡುವ ಗುತ್ತಿಗೆದಾರರ ಕೂಟದಲ್ಲಿ ಪಾಲುದಾರ. ಜಮಾಖರ್ಚು ತಾಳೆಯಾಗದಿದ್ದರೆ ಎಲ್ಲೋ ಸೋರಿಕೆ ಇದೆ ಎಂಬ ಬುದ್ಧಿಯನ್ನು ಅವನು ಕಚೇರಿಯಿಂದ ಪ್ರಯೋಗಶಾಲೆಗೆ ತಂದನೋ, ಪ್ರಯೋಗಶಾಲೆಯಿಂದ ಕಚೇರಿಗೆ ಒಯ್ದನೋ ಹೇಳುವುದು ಕಷ್ಟ. ಎರಡೂ ಕಡೆ ಅದು ಒಂದೇ ಬುದ್ಧಿ. ಕ್ರಿಯೆಗೆ ಮೊದಲು ಎಷ್ಟು ದ್ರವ್ಯ ಇತ್ತೋ ಕ್ರಿಯೆಯ ನಂತರವೂ ಅಷ್ಟೇ ಇರುತ್ತದೆ ಎಂದು ಅವನು ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದು 1789ರಲ್ಲಿ. ತೆರಿಗೆ ಗುತ್ತಿಗೆಯ ಆ ಕೆಲಸವೇ 1794ರಲ್ಲಿ ಅವನ ತಲೆ ತೆಗೆಯಿತು. ನಿಯಮ ಮಾತ್ರ ನಮ್ಮ ಒಂಬತ್ತನೇ ತರಗತಿಯ ಪುಸ್ತಕದವರೆಗೆ ಬಂದು, ‘ರಾಶಿ ಸಂರಕ್ಷಣಾ ನಿಯಮ’ ಎಂಬ ಭಾರದ ಹೆಸರು ಹೊತ್ತು ನಿಂತಿತು.

ಹೆಸರು ಭಾರ, ಸಂಗತಿ ಇನ್ನೂ ಭಾರ. ಯಾಕೆಂದರೆ ಅದು ದಿನನಿತ್ಯ ಕಾಣುವುದಕ್ಕೆ ವಿರುದ್ಧವಾಗಿದೆ. ಒಲೆಗೆ ಒಂದು ಹೊರೆ ಸೌದೆ ಒಟ್ಟಿದರೆ ಬೆಳಿಗ್ಗೆ ಸಿಗುವುದು ಒಂದು ಮೊರ ಬೂದಿ. ಸುಟ್ಟರೆ ಹಗುರಾಗುತ್ತದೆ, ಸುಟ್ಟದ್ದು ಹೋಯಿತು ಎಂದು ಕಣ್ಣು ಹೇಳುತ್ತದೆ. ‘ಸುಟ್ಟು ಬೂದಿಯಾಯಿತು’ ಎನ್ನುವಾಗ ನಮ್ಮ ನುಡಿಯೂ ಅದನ್ನೇ ಹೇಳುತ್ತದೆ. ಇದಕ್ಕೆ ಎದುರಾಗಿ ಆ ಮೆಗ್ನೀಷಿಯಂ ಪಟ್ಟಿಯನ್ನು ಇಡಿ. ಎಲ್ಲರೂ ಅದರ ಬೆಳಕನ್ನು ನೆನಪಿಟ್ಟುಕೊಂಡಿದ್ದಾರೆ, ಬೂದಿಯನ್ನು ಯಾರೂ ನೆನಪಿಟ್ಟಿಲ್ಲ. ಪಾಠ ಇದ್ದದ್ದು ಬೂದಿಯಲ್ಲಿ. 24 ಗ್ರಾಂ ಮೆಗ್ನೀಷಿಯಂ ಪೂರ್ತಿ ಉರಿದರೆ ಸಿಗುವ ಬಿಳಿಯ ಪುಡಿ 40 ಗ್ರಾಂ. ಸುಟ್ಟ ಮೇಲೆ ತೂಕ ಹೆಚ್ಚಿದೆ! ಹೆಚ್ಚಿದ 16 ಗ್ರಾಂ ಗಾಳಿಯಲ್ಲಿದ್ದ ಆಮ್ಲಜನಕ. ಲವಾಸಿಯೆಗಿಂತ ಮೊದಲಿನವರು ಉರಿಯುವ ವಸ್ತುವಿನಿಂದ ‘ಫ್ಲೋಜಿಸ್ಟನ್’ ಎಂಬುದೊಂದು ಹೊರಹೋಗುತ್ತದೆ ಎಂದು ನಂಬಿದ್ದರು. ಲೋಹ ಸುಟ್ಟಾಗ ತೂಕ ಏರುವುದು ಅವರಿಗೂ ಗೊತ್ತಿತ್ತು. ಹಾಗಾದರೆ ಹೊರಹೋದ ವಸ್ತುವಿಗೆ ಋಣ ತೂಕ ಇರಬೇಕು ಎಂದು ಕೆಲವರು ಸಮಾಧಾನ ಹೇಳಿಕೊಂಡರು. ಲೆಕ್ಕ ತಾಳೆಯಾಗದಾಗ ಇಲ್ಲದ ಒಂದು ಖರ್ಚು ಬರೆದು ಮುಗಿಸುವ ಗುಮಾಸ್ತನ ಜಾಣತನ ಇದು. ಸೌದೆಯೂ ಪಟ್ಟಿಯೂ ಪಾಲಿಸುವುದು ಒಂದೇ ನಿಯಮವನ್ನು. ಒಂದರಲ್ಲಿ ಇದ್ದದ್ದು ಗಾಳಿಗೆ ಹೋಯಿತು, ಇನ್ನೊಂದರಲ್ಲಿ ಗಾಳಿಯಲ್ಲಿದ್ದದ್ದು ಬಂದು ಸೇರಿತು. ಕಣ್ಣಿಗೆ ಕಾಣದ ಗಾಳಿಗೂ ಖಾತೆಯಲ್ಲಿ ಒಂದು ಪುಟ ತೆರೆಯಬೇಕು ಎಂದು ಹದಿಮೂರು ಹದಿನಾಲ್ಕರ ವಯಸ್ಸಿಗೆ ಗೊತ್ತಾಗುವುದು ಸಣ್ಣ ಸಂಗತಿಯಲ್ಲ.

ಆ ಪುಟವನ್ನು ಹತ್ತಿರದಿಂದ ನೋಡಬೇಕೆಂದರೆ ಸುಣ್ಣಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಬೇಡ. ಸುಣ್ಣದ ಕಲ್ಲನ್ನೋ, ಕರಾವಳಿಯಲ್ಲಾದರೆ ಚಿಪ್ಪನ್ನೋ, ಗೂಡಿನಲ್ಲಿ ಸುಟ್ಟರೆ ನೂರು ಕಿಲೋಗೆ ಸಿಗುವುದು 56 ಕಿಲೋ ಸುಟ್ಟ ಸುಣ್ಣ. ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗೂಡಿನ ಬಾಯಿಂದ ಹೊರಟುಹೋಗಿದೆ. ಈ ಸುಣ್ಣಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಕೊತಕೊತ ಕುದ್ದು, 18 ಕಿಲೋ ನೀರನ್ನು ತನ್ನೊಳಗೆ ಸೇರಿಸಿಕೊಂಡು 74 ಆಗುತ್ತದೆ. ಅದನ್ನೇ ತೆಳ್ಳಗೆ ಕಲಸಿ ಹಬ್ಬದ ಮುಂಚೆ ಗೋಡೆಗೆ ಬಳಿಯುತ್ತಾರೆ. ಬಳಿದ ದಿನ ಗೋಡೆ ಮಂಕು. ಎರಡು ಮೂರು ದಿನಕ್ಕೆ ಬೆಳ್ಳಗೆ ಹೊಳೆಯುತ್ತದೆ, ಮುಟ್ಟಿದರೆ ಕೈಗೆ ಅಂಟುವುದೂ ಕಡಿಮೆಯಾಗುತ್ತದೆ. ಒಣಗಿತು ಎಂದು ನಾವು ಹೇಳುತ್ತೇವೆ. ಒಣಗಿದ್ದಷ್ಟೇ ಆಗಿದ್ದರೆ ಅದು ಬರಿಯ ಸುಣ್ಣದ ಪುಡಿಯಾಗಿ ಉದುರುತ್ತಿತ್ತು. ಆದದ್ದು ಬೇರೆ: ಗೋಡೆ ಗಾಳಿಯಿಂದ ಅದೇ 44 ಕಿಲೋ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ವಾಪಸು ಎಳೆದುಕೊಂಡು, 18 ಕಿಲೋ ನೀರನ್ನು ಬಿಟ್ಟುಕೊಟ್ಟು, ಮತ್ತೆ ನೂರು ಕಿಲೋ ಸುಣ್ಣದ ಕಲ್ಲಾಗಿದೆ. ಗೂಡಿನಲ್ಲಿ ಕೊಟ್ಟ ಸಾಲ ಗೋಡೆಯಲ್ಲಿ ತೀರಿದೆ. ಪುಸ್ತಕದಲ್ಲಿ ಇದು ಮೂರು ಸಾಲಿನ ಮೂರು ಸಮೀಕರಣ. ಕಲ್ಲು, ಗೂಡು, ಬಕೆಟ್ಟು, ಗೋಡೆ ಎಂಬ ನಾಲ್ಕು ಕಡೆಯ ನಾಲ್ಕು ಸಂಗತಿಗಳು ಒಂದೇ ಕಥೆಯ ತುಂಡುಗಳು ಎಂದು ತೋರಿಸಿಕೊಡಬಲ್ಲದ್ದು ಆ ಮೂರು ಸಾಲು ಮಾತ್ರ.

ಲೆಕ್ಕ ಇಟ್ಟರೆ ಸಾಲದು, ಎಲ್ಲ ಬಾಬ್ತುಗಳನ್ನೂ ಬರೆಯಬೇಕು ಎಂಬುದಕ್ಕೂ ಇತಿಹಾಸದಲ್ಲಿ ಒಂದು ಸೊಗಸಾದ ಸಾಕ್ಷಿಯಿದೆ. ಹದಿನೇಳನೆಯ ಶತಮಾನದ ವಾನ್ ಹೆಲ್ಮಾಂಟ್ ಎಂಬಾತ 200 ಪೌಂಡು ಒಣಮಣ್ಣನ್ನು ತೂಗಿ ಕುಂಡಕ್ಕೆ ತುಂಬಿ, ಅದರಲ್ಲಿ ಒಂದು ವಿಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಗಿಡ ಸುಮಾರು 164 ಪೌಂಡು ತೂಕ ಗಳಿಸಿತ್ತು, ಮಣ್ಣು ಕಳೆದುಕೊಂಡದ್ದು ಎರಡು ಔನ್ಸಿನಷ್ಟು. ಗಿಡ ಮಣ್ಣು ತಿಂದು ಬೆಳೆಯುವುದಿಲ್ಲ ಎಂದು ತಕ್ಕಡಿ ಸಾರಿ ಹೇಳಿತು. ಹಾಗಾದರೆ ಮರವಾದದ್ದು ನೀರೇ ಎಂದು ಆತ ತೀರ್ಮಾನಿಸಿದ. ಕೂಡಿಸಿ ಕಳೆದದ್ದರಲ್ಲಿ ತಪ್ಪಿಲ್ಲ, ಖಾತೆಯಲ್ಲಿ ಒಂದು ಬಾಬ್ತು ಬಿಟ್ಟುಹೋಗಿತ್ತು. ತಮಾಷೆಯೆಂದರೆ ‘ಗ್ಯಾಸ್’ ಎಂಬ ಪದವನ್ನು ಹುಟ್ಟುಹಾಕಿದವನೇ ಈತ. ಸೌದೆ ಉರಿದಾಗ ಏಳುವ ಅನಿಲವನ್ನು ಗುರುತಿಸಿದ್ದವನು. ಅದೇ ಅನಿಲವನ್ನು ಗಿಡ ಎಲೆಯಲ್ಲಿ ಹಿಡಿದು ಮತ್ತೆ ಸೌದೆ ಮಾಡುತ್ತಿದೆ ಎಂದು ಅವನಿಗೆ ಹೊಳೆಯಲಿಲ್ಲ. ಹಿತ್ತಲ ತೆಂಗಿನ ಮರದ ಒಣತೂಕದ ಬಹುಪಾಲು ಗಾಳಿಯಿಂದ ಬಂದದ್ದು ಎಂದರೆ ಇವತ್ತಿಗೂ ಓದಿದವರೇ ಹುಬ್ಬೇರಿಸುತ್ತಾರೆ. ಹುಬ್ಬೇರಿಸುವುದು ಒಳ್ಳೆಯದೇ. ಆಮೇಲೆ ಎಡಗಡೆ, ಬಲಗಡೆ ಬರೆದು ಕೂಡಿಸಿ ನೋಡುತ್ತಾರೋ ಇಲ್ಲವೋ ಎಂಬುದರಲ್ಲಿ ಹೈಸ್ಕೂಲಿನ ಪಾಠ ಹತ್ತಿತೋ ಇಲ್ಲವೋ ಗೊತ್ತಾಗುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಅಡುಗೆಮನೆಯಿಂದ. ನಮ್ಮ ಅಜ್ಜಿಯರು ಸಮೀಕರಣ ಬರೆಯದೆಯೇ ರಸಾಯನಶಾಸ್ತ್ರ ಬಲ್ಲವರಾಗಿದ್ದರು; ಹುಣಸೆಹಣ್ಣು ತಿಕ್ಕಿ ಹಿತ್ತಾಳೆಯ ಕಿಲುಬು ತೆಗೆದರು, ಹುಳಿ ಮಜ್ಜಿಗೆಯನ್ನು ತಾಮ್ರದ ಪಾತ್ರೆಯಲ್ಲಿ ಇಡಬಾರದೆಂದರು, ಇಟ್ಟರೆ ಕಲಾಯಿ ಹಾಕಿಸಿ ಎಂದರು. ಇನ್ನು ಪುಸ್ತಕ ಹೊಸದಾಗಿ ಏನು ಕಲಿಸಿತು? ಈ ಮಾತಿನಲ್ಲಿ ನಿಜವಿದೆ, ಅದನ್ನು ತಳ್ಳಿಹಾಕುವುದು ಕೃತಘ್ನತೆ. ಆದರೆ ಅನುಭವದ ಜ್ಞಾನ ಒಂದೊಂದು ಸಂದರ್ಭಕ್ಕೆ ಒಂದೊಂದಾಗಿ ಬಿಡಿಬಿಡಿಯಾಗಿರುತ್ತದೆ. ಅರಿಶಿನದ ನೀರಿಗೆ ಒಂದು ಚಿಟಿಕೆ ಸುಣ್ಣ ಹಾಕಿದರೆ ಆರತಿಯ ಕೆಂಪು ನೀರಾಗುತ್ತದೆ ಎಂದು ಮನೆಮನೆಗೂ ಗೊತ್ತು. ಬಿಳಿ ಅಂಗಿಯ ಮೇಲೆ ಬಿದ್ದ ಸಾರಿನ ಹಳದಿ ಕಲೆಗೆ ಸೋಪು ಹಚ್ಚಿದೊಡನೆ ಅದು ಕೆಂಪಾಗಿ, ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಯಾಗುತ್ತದೆ ಎಂದೂ ಗೊತ್ತು. ಒಂದು ದೇವರ ಮುಂದಿನದು, ಇನ್ನೊಂದು ಬಟ್ಟೆ ಒಗೆಯುವ ಕಲ್ಲಿನದು. ಎರಡೂ ಒಂದೇ ಎಂದು ಹೇಳಲು ‘ಪ್ರತ್ಯಾಮ್ಲ’ ಎಂಬ ಪದ ಬೇಕಾಯಿತು. ಸುಣ್ಣವೂ ಸೋಪೂ ಆ ಗುಂಪಿನವು, ಅರಿಶಿನ ಅವುಗಳ ಸೂಚಕ. ಹೀಗೆ ಜೋಡಿಸುವುದು ಬುದ್ಧಿವಂತಿಕೆಯ ಪ್ರದರ್ಶನವಲ್ಲ, ಹಳಬರ ಅನುಭವದಲ್ಲಿ ಇಲ್ಲದ ವಸ್ತು ಎದುರಾದಾಗ ಅದೇ ಕಾಪಾಡುವುದು. ಅಜ್ಜಿಯ ಕಾಲದಲ್ಲಿ ಬಚ್ಚಲು ತೊಳೆಯುವ ಆಸಿಡ್ ಬಾಟಲಿಯೂ ಬ್ಲೀಚಿನ ಬಾಟಲಿಯೂ ಒಂದೇ ಮೂಲೆಯಲ್ಲಿ ನಿಂತಿರಲಿಲ್ಲ. ಎರಡನ್ನೂ ಕೂಡಿಸಿ ಸುರಿದರೆ ಇನ್ನೂ ಬೆಳ್ಳಗಾಗುತ್ತದೆ ಎಂದು ಅನುಭವ ಊಹಿಸಬಹುದು. ಹೊರಬರುವುದು ಉಸಿರು ಕಟ್ಟಿಸುವ ಕ್ಲೋರಿನ್ ಎಂದು ಸಮೀಕರಣದ ಬಲಗಡೆ ಬರೆದಿದೆ. ಶಹಾಬಾದ್ ಕಲ್ಲಿನ ನೆಲಕ್ಕೆ ಆಸಿಡ್ ಬಿದ್ದರೆ ನೊರೆ ಬರುವುದು ಕೊಳೆ ಹೋಗುತ್ತಿರುವುದರಿಂದ ಅಲ್ಲ, ಸುಣ್ಣದ ಕಲ್ಲಾದ ನೆಲವೇ ಕರಗುತ್ತಿರುವುದರಿಂದ ಎಂಬುದೂ ಅದೇ ಪುಟದ ಮಾತು.

ಅನುಭವ ಮತ್ತು ಪಾಠ ಒಂದಕ್ಕೊಂದು ಎದುರಾಳಿಗಳಲ್ಲ ಎಂಬುದನ್ನು ಅಡಿಕೆ ತೋಟಕ್ಕೆ ಹೋದರೆ ಕಾಣಬಹುದು. ಮಳೆಗಾಲದಲ್ಲಿ ಅಡಿಕೆಗೆ ಬೀಳುವ ಕೊಳೆರೋಗಕ್ಕೆ ಮಲೆನಾಡು, ಕರಾವಳಿಗಳಲ್ಲಿ ಇಂದಿಗೂ ಹೊಡೆಯುವುದು ಬೋರ್ಡೋ ದ್ರಾವಣವನ್ನು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ಮದ್ದನ್ನು, ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರ ಹೊತ್ತಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ ಇಲ್ಲಿನ ಅಡಿಕೆಗೆ ಒಗ್ಗಿಸಿದರು. ಲೆಕ್ಕ ಸರಳ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಹಳೆಯದಾಗಿ ಗಾಳಿ ಹೀರಿದ್ದರೆ ಅದರ ಬಲ ಕುಂದಿರುತ್ತದೆ, ಆಗ ತುತ್ತು ಮಿಕ್ಕಿ ಎಳೆಯ ಕಾಯನ್ನೂ ಸೋಗೆಯನ್ನೂ ಸುಡುತ್ತದೆ. ಹದ ಬಂತೇ ಎಂದು ನೋಡಲು ಬೆಳೆಗಾರರು ತಿಕ್ಕಿ ಹೊಳೆಸಿದ ಒಂದು ಚೂರಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಬಣ್ಣ ಕೂತಿದ್ದರೆ ಇನ್ನೂ ಸುಣ್ಣ ಬೇಕು. ಅಲಗು ಇದ್ದ ಹಾಗೇ ಇದ್ದರೆ ಹೊಡೆಯಬಹುದು. ಹತ್ತನೇ ತರಗತಿಯಲ್ಲಿ ಮೈಲುತುತ್ತಿನ ನೀಲಿ ದ್ರಾವಣಕ್ಕೆ ಕಬ್ಬಿಣದ ಮೊಳೆ ಇಳಿಬಿಟ್ಟು ‘ಸ್ಥಾನಪಲ್ಲಟ ಕ್ರಿಯೆ’ ಎಂದು ಬರೆಸುತ್ತಾರಲ್ಲ, ಇದು ಅಕ್ಷರಶಃ ಅದೇ. ಕಬ್ಬಿಣ ತಾಮ್ರವನ್ನು ಹೊರದೂಡಿ ತಾನು ದ್ರಾವಣಕ್ಕೆ ಇಳಿಯುತ್ತದೆ, ಹೊರಬಿದ್ದ ತಾಮ್ರ ಅಲಗಿಗೆ ಕೂರುತ್ತದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಕರಗದ ರೂಪದಲ್ಲಿ ಕಟ್ಟಿಹೋಗಿರುವುದರಿಂದ ಚೂರಿಗೆ ಸಿಗುವುದಿಲ್ಲ. ಸಮೀಕರಣ ಗೊತ್ತಿಲ್ಲದೆಯೂ ಚೂರಿ ಅದ್ದಬಹುದು, ನಿಜ. ಆದರೆ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಯಾಕೆ ಕಲಸಬಾರದು ಎಂಬ ಪ್ರಶ್ನೆಗೂ ಉತ್ತರ ಅದೇ ಚೂರಿಯ ಮೇಲಿದೆ ಎಂದು ಕಾಣಬೇಕಾದರೆ ಮೊಳೆಯ ಪಾಠ ನೆನಪಿರಬೇಕು.

ಎರಡನೆಯ ಆಕ್ಷೇಪ ಇನ್ನೂ ಹರಿತವಾದದ್ದು. ಶಾಲೆಯಲ್ಲಿ ನಿಜವಾಗಿ ನಡೆಯುವುದು ಇದಾವುದೂ ಅಲ್ಲ. ಮೊಳೆಯನ್ನು ಇಳಿಬಿಟ್ಟದ್ದು ಚಿತ್ರದಲ್ಲಿ, ಸರಿದೂಗಿಸಿದ್ದು ಪದಬಂಧ ತುಂಬಿದ ಹಾಗೆ, ಎಡಗಡೆ ಎರಡು ಬಲಗಡೆ ಮೂರು ಹಾಕಿ ತಾಳೆಯಾದರೆ ಅಂಕ ಬಂತು. ಅಂಥ ಪಾಠದಿಂದ ಲೆಕ್ಕ ಕೇಳುವ ಅಭ್ಯಾಸ ಬಂತು ಎನ್ನುವುದು ಹಳೆಯದನ್ನು ಸಿಹಿ ಮಾಡಿಕೊಳ್ಳುವ ನೆನಪಿನ ಚಾಳಿ. ಈ ಆಕ್ಷೇಪದ ಮುಕ್ಕಾಲು ಭಾಗವನ್ನು ನಾನು ಒಪ್ಪುತ್ತೇನೆ. ಬಾಟಲಿ, ಒಂದಿಷ್ಟು ಅಡುಗೆ ಸೋಡ, ನಿಂಬೆರಸ, ಅಂಗಡಿಯ ಡಿಜಿಟಲ್ ತಕ್ಕಡಿ ಇದ್ದರೆ ಮುಚ್ಚಳ ಮುಚ್ಚಿದಾಗ ತೂಕ ಬದಲಾಗದು, ತೆಗೆದೊಡನೆ ಬುಸ್ಸೆಂದು ಇಳಿಯುತ್ತದೆ ಎಂದು ಹತ್ತು ನಿಮಿಷದಲ್ಲಿ ತೋರಿಸಬಹುದು. ಅಷ್ಟನ್ನೂ ಮಾಡದೆ ನಿಯಮವನ್ನು ಬಾಯಿಪಾಠ ಮಾಡಿಸಿದ ತರಗತಿಗಳಿಗೆ ಸಮರ್ಥನೆ ಇಲ್ಲ. ಆದರೆ ಉಳಿದ ಕಾಲು ಭಾಗದಲ್ಲಿ ಒಂದು ಕುತೂಹಲದ ಸಂಗತಿಯಿದೆ. ಆ ಪದಬಂಧಕ್ಕೂ ಮುರಿಯಲಾಗದ ಒಂದು ಕಟ್ಟಳೆಯಿತ್ತು: ಸೂತ್ರದ ಮುಂದಿನ ಅಂಕಿಯನ್ನು ಬದಲಿಸಬಹುದು, ಸೂತ್ರದೊಳಗಿನ ಪುಟ್ಟ ಅಂಕಿಯನ್ನು ಮುಟ್ಟುವಂತಿಲ್ಲ. ಜಲಜನಕವೂ ಆಮ್ಲಜನಕವೂ ಸೇರಿ ನೀರಾಗುವ ಸಮೀಕರಣದಲ್ಲಿ ಬಲಗಡೆ ಒಂದು ಆಮ್ಲಜನಕ ಕಡಿಮೆ ಬೀಳುತ್ತದೆ. ಹೊಸದಾಗಿ ಕಲಿಯುವವರ ಕೈ ತಾನಾಗಿ ಹೋಗುವುದು ಎಚ್‌ಟುಓ ಪಕ್ಕಕ್ಕೆ ಇನ್ನೊಂದು ಎರಡನ್ನು ಸಿಕ್ಕಿಸಿ ಎಚ್‌ಟುಓಟು ಮಾಡುವುದಕ್ಕೆ. ಲೆಕ್ಕ ತಕ್ಷಣ ತಾಳೆಯಾಗುತ್ತದೆ! ಆದರೆ ನೀರು ನೀರಾಗಿ ಉಳಿದಿಲ್ಲ, ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಆಗಿದೆ. ಕೂಡಿ ಬಂದ ಲೆಕ್ಕವೆಲ್ಲ ಪ್ರಾಮಾಣಿಕ ಲೆಕ್ಕವಲ್ಲ, ವಸ್ತುವನ್ನೇ ಬದಲಿಸಿ ಮೊತ್ತ ಸರಿಮಾಡುವುದು ಮೋಸ ಎಂದು ಇಷ್ಟು ಚಿಕ್ಕ ಜಾಗದಲ್ಲಿ ಕಲಿಸುವ ಇನ್ನೊಂದು ಪಾಠ ಹೈಸ್ಕೂಲಿನಲ್ಲಿ ಇದ್ದಂತಿಲ್ಲ. ಅರ್ಥ ತಿಳಿಯದೆ ಸರಿದೂಗಿಸಿದವರೂ ಈ ಕಟ್ಟಳೆಯನ್ನಂತೂ ಪಾಲಿಸಿಯೇ ಅಂಕ ಪಡೆದರು.

ಆ ಪ್ರಾಮಾಣಿಕತೆ ಶಾಸ್ತ್ರಕ್ಕೂ ಸುಲಭವಾಗಿ ಬಂದದ್ದಲ್ಲ. ಅದರ ಗುರುತು ಕನ್ನಡದ ಪಠ್ಯಪುಸ್ತಕದಲ್ಲಿಯೇ, ಒಂದು ಪದದಲ್ಲಿ, ಉಳಿದಿದೆ. ‘ಆಮ್ಲಜನಕ’ ಎಂದರೆ ಆಮ್ಲವನ್ನು ಹುಟ್ಟಿಸುವುದು. ಲವಾಸಿಯೆ ಗ್ರೀಕ್ ಬೇರುಗಳಿಂದ ಕಟ್ಟಿದ ‘ಆಕ್ಸಿಜನ್’ ಎಂಬ ಹೆಸರನ್ನು ನಮ್ಮವರು ಸಂಸ್ಕೃತಕ್ಕೆ ನೇರವಾಗಿ ಇಳಿಸಿದರು. ಎಲ್ಲ ಆಮ್ಲಗಳಲ್ಲೂ ಆಮ್ಲಜನಕ ಇದ್ದೇ ಇರುತ್ತದೆ ಎಂದು ಅವನ ನಂಬಿಕೆ. ಹೈಡ್ರೋಕ್ಲೋರಿಕ್ ಆಮ್ಲ ಆ ನಂಬಿಕೆಯನ್ನು ಮುರಿಯಿತು. ಅದರಿಂದ ಸಿಗುವ ಕ್ಲೋರಿನ್ ಅನಿಲದಲ್ಲಿ ಆಮ್ಲಜನಕ ಅಡಗಿರಲೇಬೇಕೆಂದು ಹುಡುಕಿದವರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯೂ ಒಬ್ಬ. ಕೆಂಡದಂತೆ ಕಾಯಿಸಿದ ಇದ್ದಿಲನ್ನು ಅದರಲ್ಲಿಟ್ಟು ನೋಡಿದ. ಆಮ್ಲಜನಕ ಇದ್ದಿದ್ದರೆ ಇದ್ದಿಲು ಅದನ್ನು ಕಸಿದುಕೊಳ್ಳಬೇಕಿತ್ತು. ಏನೂ ಆಗಲಿಲ್ಲ. 1810ರಲ್ಲಿ ಅವನು ಕ್ಲೋರಿನ್ ತಾನೇ ಒಂದು ಧಾತು ಎಂದು ಸಾರಿದ. ಇರಬೇಕೆಂದು ದೊಡ್ಡವರು ಹೇಳಿದ್ದರೂ ಸಿಗದ್ದನ್ನು ಖಾತೆಗೆ ಬರೆಯಲು ಅವನು ಒಪ್ಪಲಿಲ್ಲ. ಹೀಗಾಗಿ ‘ಆಮ್ಲಜನಕ’ ಎಂದು ಬರೆಯುವ ಪ್ರತಿ ವಿದ್ಯಾರ್ಥಿಯೂ, ಲೆಕ್ಕದ ನಿಯಮ ಕೊಟ್ಟವನದೇ ಒಂದು ಲೆಕ್ಕ ತಪ್ಪಿದ ಕುರುಹನ್ನು ಬರೆಯುತ್ತಾನೆ. ಇದನ್ನು ಮೇಷ್ಟರು ಒಂದು ಮಾತಿನಲ್ಲಿ ಹೇಳಿದರೆ ಸಾಕು, ಶಾಸ್ತ್ರವೆಂದರೆ ಕಲ್ಲಿನಲ್ಲಿ ಕೊರೆದದ್ದಲ್ಲ ಎಂದು ಬೇರೆ ಪಾಠ ಮಾಡಬೇಕಿಲ್ಲ.

ಹೆಚ್ಚು ಓದಿದವರು ಎತ್ತುವ ಆಕ್ಷೇಪ ಇನ್ನೊಂದಿದೆ: ದ್ರವ್ಯ ನಾಶವಾಗುವುದಿಲ್ಲ ಎಂಬುದೇ ಪೂರ್ತಿ ನಿಜವಲ್ಲ, ಐನ್‌ಸ್ಟೈನ್ ಬಂದ ಮೇಲೆ ದ್ರವ್ಯ ಶಕ್ತಿಯಾಗಬಲ್ಲದು ಎಂದು ಗೊತ್ತಾಗಿದೆಯಲ್ಲ. ಸರಿ, ಅದನ್ನೂ ತೂಗಿ ನೋಡೋಣ. ಕೈಗಾದ ರಿಯಾಕ್ಟರಿನಲ್ಲಿ ಯುರೇನಿಯಂ ಪರಮಾಣು ಒಡೆದಾಗ ಅದರ ರಾಶಿಯ ಸಾವಿರದಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಶಕ್ತಿಯಾಗಿ ಹೋಗುತ್ತದೆ. ವಿದ್ಯುತ್ ಹುಟ್ಟುವುದು ಅದರಿಂದಲೇ. ಮೆಗ್ನೀಷಿಯಂ ಉರಿದಾಗಲೂ ಬೆಳಕು, ಶಾಖ ಹೊರಬಿತ್ತು, ಹಾಗಾಗಿ ಅಲ್ಲೂ ಒಂದಿಷ್ಟು ಕಡಿಮೆಯಾಗಿರಲೇಬೇಕು. ಲೆಕ್ಕ ಹಾಕಿದರೆ 40 ಗ್ರಾಂ ಬೂದಿಯಲ್ಲಿ ಕಡಿಮೆಯಾದದ್ದು ಒಂದು ಗ್ರಾಮಿನ ಸುಮಾರು ಹದಿನೈದು ಕೋಟಿ ಪಾಲಿನಲ್ಲಿ ಒಂದು. ಯಾವ ಶಾಲೆಯ ತಕ್ಕಡಿಯೂ ಅದನ್ನು ಕಾಣಲಾರದು. ಐನ್‌ಸ್ಟೈನ್ ಖಾತೆ ಪುಸ್ತಕವನ್ನು ಹರಿದು ಹಾಕಲಿಲ್ಲ, ಅದರಲ್ಲಿ ಶಕ್ತಿಯೆಂಬ ಇನ್ನೊಂದು ಕಾಲಂ ಎಳೆದ. ವಾನ್ ಹೆಲ್ಮಾಂಟನ ಖಾತೆಯಲ್ಲಿ ಬಿಟ್ಟುಹೋಗಿದ್ದ ಗಾಳಿಯನ್ನು ಆಮೇಲಿನವರು ಸೇರಿಸಿದ ಹಾಗೆ. ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಅಲ್ಲಿಯೂ ನಿಲ್ಲಲಿಲ್ಲ.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ರಸಾಯನಶಾಸ್ತ್ರ ಲೆಕ್ಕ ಕೇಳುವ ಗುಣ ಕೊಡುವುದೇ ನಿಜವಾಗಿದ್ದರೆ, ನದಿ, ಕೊಲ್ಲಿಗಳಿಗೆ ವಿಷ ಬಿಟ್ಟವರಲ್ಲಿ ಹೈಸ್ಕೂಲಿಗಿಂತ ಬಹಳ ಮೇಲೆ ಓದಿದ ರಸಾಯನತಜ್ಞರೇ ಯಾಕಿದ್ದರು? ಜಪಾನಿನ ಮಿನಮಾಟದ ಕಾರ್ಖಾನೆ 1932ರಿಂದ 1968ರವರೆಗೆ ಅಸಿಟಾಲ್ಡಿಹೈಡ್ ತಯಾರಿಸಿತು. ಅದಕ್ಕೆ ಪಾದರಸದ ಲವಣ ವೇಗವರ್ಧಕ. ವೇಗವರ್ಧಕ ಕ್ರಿಯೆಯನ್ನು ಚುರುಕು ಮಾಡುತ್ತದೆ, ತಾನು ಖರ್ಚಾಗುವುದಿಲ್ಲ ಎಂದು ನಾವೂ ಬರೆದಿದ್ದೇವೆ; ಅದರ ಹೆಸರನ್ನು ಬಾಣದ ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ಬಾಣದ ನೆತ್ತಿಯ ಮೇಲೆ ಬರೆದಿದ್ದೇವೆ. ಕಾಗದದ ಮೇಲಿನ ಆ ಜಾಗ ಲೆಕ್ಕಕ್ಕೆ ಸೇರದ ಜಾಗ. ವಾಸ್ತವದಲ್ಲಿ ಆ ಪಾದರಸದ ಒಂದಂಶ ಅಡ್ಡಕ್ರಿಯೆಯಲ್ಲಿ ಮಿಥೈಲ್ ಪಾದರಸವಾಗಿ ಕೊಳಚೆ ನೀರಿನ ಜೊತೆ ಕೊಲ್ಲಿಗೆ ಇಳಿಯಿತು, ಅಲ್ಲಿಂದ ಮೀನಿಗೆ, ಮೀನಿನಿಂದ ಬೆಕ್ಕಿಗೆ, ಮನುಷ್ಯರಿಗೆ, ಬಸಿರಿನಲ್ಲಿದ್ದ ಕೂಸಿಗೆ. ಹೀಗೆ ಹುಟ್ಟಿದ ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. 1959ರಲ್ಲಿ ಕಾರ್ಖಾನೆಯದೇ ವೈದ್ಯ ಹೊಸೊಕಾವ ಆ ಕೊಳಚೆಯನ್ನು ಬೆಕ್ಕಿನ ಆಹಾರಕ್ಕೆ ಬೆರೆಸಿ ಪರೀಕ್ಷಿಸಿದಾಗ ಬೆಕ್ಕಿಗೆ ಅದೇ ರೋಗ ಬಂತು. ಆ ಫಲಿತಾಂಶ ಹೊರಗೆ ಬಾರದಂತೆ ಮುಚ್ಚಿಡಲಾಯಿತು. ಹಾಗಾದರೆ ಪಾಠ ಸೋತಿತೇ? ಸೋತದ್ದು ಮನುಷ್ಯರು, ಮತ್ತು ಅರ್ಧಕ್ಕೆ ನಿಲ್ಲಿಸಿದ ಪಾಠ. ಯಾವ ಪಠ್ಯವೂ ಯಾರನ್ನೂ ಸಜ್ಜನರನ್ನಾಗಿ ಮಾಡುತ್ತದೆ ಎಂದು ನಾನು ವಾದಿಸುತ್ತಿಲ್ಲ. ಲೆಕ್ಕ ಬಲ್ಲವರೇ ಲೆಕ್ಕ ಮುಚ್ಚಿಡಬಲ್ಲರು. ಹಾಗಿರುವುದರಿಂದಲೇ ಅದನ್ನು ತಜ್ಞರಿಗೆ ಮಾತ್ರ ಬಿಡಬಾರದು, ಹತ್ತನೇ ತರಗತಿಗೇ ಓದು ನಿಲ್ಲಿಸಿ ಹೋಗುವವರಿಗೂ ಗೊತ್ತಿರಬೇಕು. ಬೆಕ್ಕಿನ ಪರೀಕ್ಷೆ ಮಾಡಿದ ವೈದ್ಯ ಕೇಳಿದ್ದೂ ಅದೇ ಹೈಸ್ಕೂಲಿನ ಪ್ರಶ್ನೆಯನ್ನು: ಒಳಗೆ ಹೋದದ್ದು ಹೊರಗೆ ಎಲ್ಲಿಗೆ ಬರುತ್ತಿದೆ?

ಆ ಪ್ರಶ್ನೆಗೆ ಇವತ್ತು ಕೆಲಸ ಹೆಚ್ಚು. ಪೆಟ್ರೋಲ್ ಬಂಕಿನಲ್ಲಿ ಒಂದು ಲೀಟರ್ ಹಾಕಿಸಿದರೆ ಮುಕ್ಕಾಲು ಕಿಲೋದಷ್ಟು ದ್ರವ ಟ್ಯಾಂಕಿಗೆ ಬೀಳುತ್ತದೆ, ಊರು ಸುತ್ತಿ ಬಂದ ಮೇಲೆ ಟ್ಯಾಂಕ್ ಖಾಲಿ. ಪೆಟ್ರೋಲನ್ನು ಆಕ್ಟೇನ್ ಎಂದೇ ಇಟ್ಟುಕೊಂಡು ಸರಿದೂಗಿಸಿದರೆ 114 ಗ್ರಾಂ ಆಕ್ಟೇನ್ 400 ಗ್ರಾಂ ಆಮ್ಲಜನಕದ ಜೊತೆ ಉರಿದು 352 ಗ್ರಾಂ ಇಂಗಾಲದ ಡೈಆಕ್ಸೈಡ್, 162 ಗ್ರಾಂ ನೀರು ಆಗುತ್ತದೆ. ಎರಡೂ ಕಡೆ 514. ಆ ಲೆಕ್ಕದಲ್ಲಿ ಒಂದು ಲೀಟರಿಗೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಹಾಕಿಸಿದ್ದರ ಮೂರು ಪಟ್ಟು ತೂಕವನ್ನು ಹಿಂದೆ ಬಿಟ್ಟು ಬಂದಿದ್ದೇವೆ. ಇದನ್ನು ನಂಬಲು ಯಾವ ವರದಿಯೂ ಬೇಡ, ಕೂಡುವುದು ಬಂದರೆ ಸಾಕು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿ ಬಂದಾಗ, ಅದೇ ವರ್ಷ ಆ ನೊರೆಗೆ ಬೆಂಕಿಯೂ ಹೊತ್ತಿಕೊಂಡಾಗ, ಜನ ಅಚ್ಚರಿಪಟ್ಟರು. ಪ್ರತಿ ಮನೆಯ ಬಚ್ಚಲಿನಿಂದ ಪ್ರತಿ ದಿನ ಇಳಿದುಹೋದ ಸೋಪು, ಡಿಟರ್ಜೆಂಟು ‘ಹೋಯಿತು’ ಎಂದುಕೊಂಡಿದ್ದಕ್ಕೆ ಬಂದ ಅಚ್ಚರಿ ಅದು. ಕಸದ ಬಗ್ಗೆ ನಮ್ಮ ಆಡಳಿತ ಬಳಸುವ ಪದ ‘ವಿಲೇವಾರಿ’. ವಿಲೇವಾರಿಯಾಯಿತು ಎಂದು ಬರೆದರೆ ಕಡತ ಮುಗಿಯಿತು. ರಾಜಧಾನಿಯಲ್ಲಿ ವಿಲೇವಾರಿಯಾದದ್ದು ಮಾವಳ್ಳಿಪುರ, ಮಂಡೂರುಗಳ ಜನರ ಬಾವಿಯ ಹತ್ತಿರಕ್ಕೆ ಬಂದು ನಿಂತಾಗ ಅವರು ಬೀದಿಗಿಳಿದರು. ಅವರ ಸಿಟ್ಟನ್ನು ಪುಸ್ತಕದ ಮಾತಿಗೆ ತಿರುಗಿಸಿದರೆ ಅದೂ ಒಂದು ಸಂರಕ್ಷಣಾ ನಿಯಮವೇ.

ಹಾಗಾಗಿ ಆ ಮೆಗ್ನೀಷಿಯಂ ಬೆಳಕಿನ ನೆನಪನ್ನು ಯಾರಾದರೂ ಹೇಳಿದಾಗ ನನಗೆ ಬೇಸರವಾಗುವುದಿಲ್ಲ, ಅದರ ಬೂದಿಯನ್ನೂ ತೂಗಿಸಿದ್ದರೆ ಚೆನ್ನಿತ್ತು ಎನಿಸುತ್ತದೆ, ಅಷ್ಟೇ. ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿಯ ಪುಸ್ತಕದಿಂದ ಆವರ್ತ ಕೋಷ್ಟಕದ ಅಧ್ಯಾಯವನ್ನು ಕೈಬಿಟ್ಟದ್ದರ ಬಗ್ಗೆ 2023ರಲ್ಲಿ ದೊಡ್ಡ ಚರ್ಚೆಯಾಯಿತು. ಕೋಷ್ಟಕ ಹೋಗಬಾರದಿತ್ತು ಎಂದೇ ನನ್ನ ಅಭಿಪ್ರಾಯ. ಆದರೂ ಮುಂದೊಂದು ದಿನ ಒಂದೇ ಒಂದು ಪಾಠ ಉಳಿಸಿಕೊಳ್ಳಿ ಎಂದರೆ ನಾನು ಬೆರಳು ಇಡುವುದು ಸಮೀಕರಣದ ಮೇಲೆ. ಧಾತುಗಳ ಪಟ್ಟಿ ಬೇಕಾದಾಗ ಫೋನಿನಲ್ಲಿ ಸಿಗುತ್ತದೆ. ಕೇಳಬೇಕೆಂಬ ಚಪಲ ಫೋನಿನಲ್ಲಿ ಸಿಗುವುದಿಲ್ಲ. ಕೆರೆಗೆ ಬಿಟ್ಟದ್ದು, ಹೊಗೆಯಾಗಿ ಹೋದದ್ದು, ಲಾರಿಯಲ್ಲಿ ಊರಾಚೆ ಕಳಿಸಿದ್ದು ಎಂದು ಬರೆದ ಪ್ರತಿ ವರದಿಯೂ ಒಂದು ಸಮೀಕರಣವೇ. ಎಡಗಡೆಯದನ್ನೆಲ್ಲ ನೀಟಾಗಿ ಬರೆದು, ಬಾಣ ಎಳೆದು, ಮುಂದೆ ‘ವಿಲೇವಾರಿ’ ಎಂದಿರುತ್ತದೆ. ಬಾಣ ಎಳೆದು ಬಲಗಡೆ ಖಾಲಿ ಬಿಟ್ಟ ಉತ್ತರಕ್ಕೆ ನಮ್ಮ ಕಾಲದ ಹತ್ತನೇ ತರಗತಿಯಲ್ಲೂ ಅಂಕ ಸಿಗುತ್ತಿರಲಿಲ್ಲ.